ಕುಪ್ಪಸಕ್ಕೂ ರಾಜಾಜ್ಞೆ ಬೇಕಿತ್ತು



ನಂಗೇಲಿಯ ಚಿತ್ರ ಮತ್ತೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಿದೆ. ಚೇರ್ತಲದ ಈಳವ ಹೆಣ್ಣುಮಗಳು, ಮೊಲೆ ತೆರಿಗೆ ಕೇಳೋಕೆ ಬಂದವರ ಮುಂದೆ ಮೊಲೆಯನ್ನೇ ಕೊಯ್ದು ಬಾಳೆಎಲೆ ಮೇಲಿಟ್ಟಳು ಅನ್ನೋ ಕತೆ. ಕೆಳಗೆ ಇನ್ನೊಂದು ಸಾಲು ಸೇರಿಕೊಂಡಿರುತ್ತೆ: ಇದನ್ನ ನಿಲ್ಲಿಸಿದ್ದು ಟಿಪ್ಪು ಸುಲ್ತಾನ್ ಅಂತ. ಹಂಚೋರು ನಮ್ಮವರೇ. ಅದಕ್ಕೇ ಬರೀತಿದ್ದೀನಿ.

ತಿರುವಾಂಕೂರು ಟಿಪ್ಪುವಿನ ಕೈಗೆ ಸಿಗಲೇ ಇಲ್ಲ. ಅವನು ಸತ್ತದ್ದು 1799ರಲ್ಲಿ. ಎದೆವಸ್ತ್ರದ ಹೋರಾಟ ನಡೆದದ್ದು ಆಮೇಲೆ. ನಂಗೇಲಿ ಜನರ ಬಾಯಲ್ಲಿ ಉಳಿದವಳು, ಆ ಕಾಲದ ದಾಖಲೆಯಲ್ಲಿ ಅವಳಿಲ್ಲ. ಅಕ್ಷರವನ್ನೇ ಕೊಡದೆ ಇಟ್ಟ ಜನ ದಾಖಲೆ ಎಲ್ಲಿಂದ ತರಬೇಕು? ಹಾಗಾಗಿ ಆ ನೆನಪನ್ನ ನಾನು ತಳ್ಳಿಹಾಕಲ್ಲ. ಆದ್ರೆ ಸರ್ಕಾರಿ ಕಾಗದದಲ್ಲೇ ಇರೋ ಹೋರಾಟವನ್ನ ಬಿಟ್ಟು ಫಾರ್ವರ್ಡ್ ನಂಬಿಕೊಂಡ್ರೆ, ಎದುರಿನವರು ಒಂದೇ ಮಾತಲ್ಲಿ "ಎಲ್ಲಾ ಕಟ್ಟುಕತೆ" ಅಂದುಬಿಡ್ತಾರೆ.

ಕಾಗದದಲ್ಲಿ ಇರೋದು ಚಾನ್ನಾರ್ ಹೆಂಗಸರ ಹೋರಾಟ. ದಕ್ಷಿಣ ತಿರುವಾಂಕೂರಿನಲ್ಲಿ ತಾಳೆಮರ ಹತ್ತಿ ಬದುಕ್ತಿದ್ದ ಜಾತಿ, ಇವತ್ತಿನ ನಾಡಾರರು. ಕ್ರೈಸ್ತರಾದ ಚಾನ್ನಾರ್ ಹೆಂಗಸರು ಕುಪ್ಪಸ ತೊಡಬಹುದು ಅಂತ ಕರ್ನಲ್ ಮನ್ರೋ ಕಾಲದಲ್ಲಿ ಅಪ್ಪಣೆ ಆಯ್ತು. ಅವರು ಕುಪ್ಪಸಕ್ಕೇ ನಿಲ್ಲಲಿಲ್ಲ, ನಾಯರ್ ಹೆಂಗಸರ ಹಾಗೆ ಮೇಲೊಂದು ವಸ್ತ್ರವನ್ನೂ ಹೊದ್ದರು. ಸಂತೆಗಳಲ್ಲಿ ಹಿಡಿದು ಹರಿದರು. 1829ರಲ್ಲಿ ಅರಮನೆ ಆಜ್ಞೆ ಹೊರಡಿಸ್ತು: ಕುಪ್ಪಸ ಸರಿ, ಮೇಲುವಸ್ತ್ರ ಕೂಡದು. 1858ರಲ್ಲಿ ಮತ್ತೆ ಗಲಭೆ, ಮನೆ ಚರ್ಚುಗಳಿಗೆ ಬೆಂಕಿ. ಮದ್ರಾಸಿನ ಗವರ್ನರ್ ಟ್ರೆವೆಲಿಯನ್ ಒತ್ತಡ ಹಾಕಿದ ಮೇಲೆ, 1859ರ ಜುಲೈ 26ರಂದು ಇನ್ನೊಂದು ಆಜ್ಞೆ ಬಂತು. ಎಲ್ಲಾ ಚಾನ್ನಾರ್ ಹೆಂಗಸರೂ ಎದೆ ಮುಚ್ಚಬಹುದು, ಆದರೆ ಮೇಲ್ಜಾತಿ ಹೆಂಗಸರ ಹಾಗೆ ಉಡಬಾರದು!

ಆ ಕೊನೇ ಮಾತನ್ನ ಇನ್ನೊಂದ್ಸಲ ಓದಿ. ಅವರಿಗೆ ಬರಿಮೈ ತೊಂದರೆಯೇ ಆಗಿರಲಿಲ್ಲ. ಆ ಸೀಮೆಯಲ್ಲಿ ಬಟ್ಟೆ ಇಳಿಸೋದು ಅಂದ್ರೆ ಮೇಲಿನವರಿಗೆ ತಗ್ಗೋದು. ನಾಯರ್ ಹೆಂಗಸೂ ನಂಬೂದಿರಿ ಮುಂದೆ ಸೆರಗು ಇಳಿಸಬೇಕಿತ್ತು. ಒಬ್ಬರ ಕೆಳಗೊಬ್ಬರು, ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆ ಅಂದ್ರೆ ಇದೇ ತಾನೆ? ಮಿಷನರಿಗಳಿಗೆ ಅದು ನಾಚಿಕೆ ವಿಷಯ. ಏಟು ತಿಂದ ಹೆಂಗಸರಿಗೆ ಜಾತಿ ವಿಷಯ.

ಪುಲಯರ ಸರದಿ ಬರೋಕೆ 1915 ಆಗಬೇಕಾಯ್ತು. ಎದೆಗೆ ಬಟ್ಟೆ ಇಲ್ಲ, ಕೊರಳಿಗೆ ಕಲ್ಲುಮಣಿ ಸರ, ಅದೇ ಅವರ ಜಾತಿಗುರುತು. ಪೆರಿನಾಡಿನಲ್ಲಿ ಗುಡಿಸಲುಗಳು ಸುಟ್ಟವು. ಅಯ್ಯಂಕಾಳಿ ಕೊಲ್ಲಂನಲ್ಲಿ ಸಭೆ ಕರೆದರು. ನಮ್ಮ ಹೆಂಗಸರು ಅಲ್ಲೇ ಸರ ಕಿತ್ತು ರಾಶಿ ಹಾಕಿದರು. ನನಗೆ ನಂಗೇಲಿಯ ಚಿತ್ರಕ್ಕಿಂತ ಈ ರಾಶಿ ದೊಡ್ಡದು.

ನಮ್ಮ ಕರ್ನಾಟಕ ಏನು ಸಾಚಾ ಅಲ್ಲ. ಸೊರಬದ ಚಂದ್ರಗುತ್ತಿಯಲ್ಲಿ ಇದೇ ದೇಹವನ್ನ ಬೆತ್ತಲೆ ಸೇವೆ ಅಂತ ಬೀದಿಯಲ್ಲಿ ನಡೆಸ್ತಿದ್ದರು, ಬಹುಪಾಲು ನಮ್ಮವರನ್ನೇ. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರು ತಡೆಯೋಕೆ ಹೋದಾಗ ಅವರಿಗೂ ಹೊಡೆದರು, ಪೊಲೀಸರ ಬಟ್ಟೆಯನ್ನೂ ಬಿಚ್ಚಿಸಿದರು. ಆಮೇಲೆ ಸರ್ಕಾರ ನಿಷೇಧ ಹಾಕ್ತು.

ಮೂರು ವರ್ಷ ಕಳೆದು ದೌರ್ಜನ್ಯ ತಡೆ ಕಾಯ್ದೆ ಬಂತು. ದಲಿತರ ಬಟ್ಟೆ ಬಲವಂತವಾಗಿ ಬಿಚ್ಚೋದು, ಬೆತ್ತಲೆ ಮೆರವಣಿಗೆ ಮಾಡೋದು ಅಪರಾಧ ಅಂತ ಅದರ 3ನೇ ಸೆಕ್ಷನ್ನಿನಲ್ಲಿ ಬಿಡಿಸಿ ಬರೆದಿದ್ದಾರೆ. ಇನ್ನು ಚಾನ್ನಾರ್ ಹೆಂಗಸರ ಪಾಠ 9ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿತ್ತು. 2019ರಲ್ಲಿ, ಮಕ್ಕಳಿಗೆ ಹೊರೆ ಅಂತ, ಆ ಅಧ್ಯಾಯವನ್ನೇ ತೆಗೆದರು. ಹಳೇ ಪುಸ್ತಕ ಮನೇಲಿ ಇರೋರು ರದ್ದಿಗೆ ಹಾಕಬೇಡಿ.