ಶಾಸನದ ಕೊನೆಯ ಸಾಲುಗಳಲ್ಲಿ ಒಂದು ಅಡುಗೆಮನೆ

ನಮ್ಮಂಥ ಹವ್ಯಾಸಿಗಳು ಕಲ್ಲಿನ ಮುಂದೆ ನಿಂತಾಗ ಮೊದಲು ಹುಡುಕುವುದು ಮೂರು ಸಂಗತಿ: ಯಾವ ರಾಜ, ಯಾವ ಶಕವರ್ಷ, ಯಾವ ಊರು. ಇವು ಸಿಕ್ಕರೆ ಕೆಲಸ ಮುಗೀತು ಅಂತ ಫೋಟೋ ತೆಗೆದು ಮುಂದಿನ ಊರಿಗೆ ಹೊರಡ್ತೇವೆ. ಆದರೆ ಕಲ್ಲು ಅಲ್ಲಿಗೆ ಮುಗಿದಿರುವುದಿಲ್ಲ. ಮಂಗಳಶ್ಲೋಕ, ರಾಜಪ್ರಶಸ್ತಿ, ತಿಥಿ ನಕ್ಷತ್ರ ಎಲ್ಲ ಆದಮೇಲೆ, ಶಾಪಾಶಯಕ್ಕೆ ಮೊದಲು, ದತ್ತಿಯ ವಿವರ ಬರುತ್ತದೆ. ಎಷ್ಟು ಗದ್ದೆ, ಎಷ್ಟು ಗಾಣ, ಹೇರಿಗೆ ಎಷ್ಟು ಮೆಣಸು, ದೀವಿಗೆಗೆ ಎಷ್ಟು ಎಣ್ಣೆ. ವೃತ್ತಿಯಲ್ಲಿ ನಾನು ಎಂಜಿನಿಯರ್. ಯಾವ ಕಡತ ಕೈಗೆ ಬಂದರೂ ಪೀಠಿಕೆ ಬಿಟ್ಟು ಪರಿಮಾಣದ ಪಟ್ಟಿಗೆ ಕಣ್ಣು ಹಾಯಿಸೋದು ರೂಢಿ. ಶಾಸನಗಳಲ್ಲೂ ನನಗೆ ರುಚಿ ಹತ್ತಿದ್ದು ಈ ಕೊನೆಯ ಸಾಲುಗಳಿಂದಲೇ.

ಈ ಸಾಲುಗಳಿಂದ ಎಂಟು ನೂರು, ಸಾವಿರ ವರ್ಷ ಹಿಂದಿನ ಒಂದು ಅಡುಗೆಮನೆಯನ್ನು ತಕ್ಕಮಟ್ಟಿಗೆ ಕಟ್ಟಬಹುದು ಅನ್ನೋದು ಈ ಬರಹದ ವಾದ. ಉಗ್ರಾಣದಲ್ಲಿ ಏನಿತ್ತು ಅನ್ನೋದನ್ನು ಪದಾರ್ಥಗಳ ಹೆಸರು ಹೇಳುತ್ತವೆ. ಕೈಯಲ್ಲಿ ಯಾವ ಸಲಕರಣೆ ಇತ್ತು ಅನ್ನೋದನ್ನು ಅಳತೆಗಳು ಹೇಳುತ್ತವೆ.

ಉಗ್ರಾಣ

ಅಡುಗೆಯ ಹಳಗನ್ನಡ ಪದ ಬಾಣಸ, ಅಡುಗೆಯವನು ಬಾಣಸಿಗ. ಸಂಸ್ಕೃತದ ಮಹಾನಸದಿಂದ ಬಂದ ಪದ ಇದು. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಬಾಣಸವೆರ್ಗಡೆ ಎಂಬ ಬಿರುದು ಬರುತ್ತದೆ, ಅಂದ್ರೆ ಅರಮನೆಯ ಅಡುಗೆಮನೆಯ ಹೆಗ್ಗಡೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಅನಂತಪಾಲನಿಗೂ ಈ ಬಿರುದಿತ್ತು. ಸೈನ್ಯ ನಡೆಸುವವನ ಬಿರುದಾವಳಿಯಲ್ಲಿ ಅಡುಗೆಮನೆಗೂ ಜಾಗ ಇತ್ತು ಎಂದರೆ ಅದು ಸಣ್ಣ ಹುದ್ದೆ ಆಗಿರಲಿಲ್ಲ.

ಆ ಕಾಲದ ಪೇಟೆಯಲ್ಲಿ ಏನು ಸಿಗ್ತಿತ್ತು? ಇದಕ್ಕೆ ಒಳ್ಳೆಯ ಉದಾಹರಣೆ ಬೆಳಗಾವಿಯದು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ರಟ್ಟ ಜಿನಾಲಯಕ್ಕೆ ಕೊಟ್ಟ ದತ್ತಿಯ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ವೇಣುಗ್ರಾಮದ, ಅಂದ್ರೆ ಬೆಳಗಾವಿಯ, ವರ್ತಕರು ಸೇರಿ ತಮ್ಮ ತಮ್ಮ ಸರಕಿನಲ್ಲಿ ಇಷ್ಟಿಷ್ಟು ಅಂತ ಬಸದಿಗೆ ಒಪ್ಪಿಸಿದ್ದಾರೆ. ಭತ್ತ, ಮೆಣಸು, ಇಂಗು, ಹಸಿ ಶುಂಠಿ, ಅರಿಸಿನ, ತೆಂಗಿನಕಾಯಿ, ಎಲೆ, ಅಡಕೆ. ಒಪ್ಪಿದವರಲ್ಲಿ ಲಾಟದಿಂದ ಬಂದವರೂ ಇದ್ದಾರೆ, ಮಲೆಯಾಳದಿಂದ ಬಂದವರೂ ಇದ್ದಾರೆ. ಮೆಣಸು ಪಶ್ಚಿಮ ಘಟ್ಟದ ಬೆಳೆ. ಇಂಗು ಇರಾನ್, ಅಫ್ಘಾನಿಸ್ತಾನದ ಕಡೆಯಿಂದ ಬರಬೇಕಾದ ಪದಾರ್ಥ. ಇವೆರಡೂ ಒಂದೇ ಸಂತೆಯಲ್ಲಿ ಸುಂಕಕ್ಕೆ ಸಿಗುವಷ್ಟು ಬರ್ತಿದ್ದವು. ನಿಮ್ಮ ಮನೆಯ ಒಗ್ಗರಣೆ ಡಬ್ಬಿ ನೋಡಿ, ಅರ್ಧ ಆಗಲೇ ತುಂಬಿದೆ.

ಇಲ್ಲಿ ಓದುವಾಗ ಒಂದು ಎಚ್ಚರ ಬೇಕು. ಶಾಸನದ ಮೆಣಸು ಎಂದರೆ ಕಾಳುಮೆಣಸು ಮಾತ್ರ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರು ಬಂದಮೇಲೆ ನಮ್ಮ ಕಡೆ ಬಂತು. ಹೊಸ ಕಾಯಿಗೆ ನಮ್ಮವರು ಹಳೆಯ ಖಾರದ ಹೆಸರನ್ನೇ ಕೊಟ್ಟರು. ಆಮೇಲೆ ಅದೇ ಮನೆಯ ಯಜಮಾನ ಆಗಿ, ಮೂಲ ಮೆಣಸು ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಅಂತ ವಿಶೇಷಣ ಹೊತ್ತುಕೊಂಡು ತಿರುಗಬೇಕಾಯಿತು. ಎಣ್ಣೆಯ ಕಥೆ ಇದಕ್ಕೆ ತಿರುಗುಮುರುಗು. ಎಳ್ + ನೆಯ್, ಸೇರಿ ಎಣ್ಣೆ. ಅಂದ್ರೆ ಎಳ್ಳಿನ ನೆಯ್. ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ. ಅದು ಬಂದು ಗಾಣ ಹಿಡಿದಾಗ ಎಣ್ಣೆ ಅನ್ನೋ ಹೆಸರನ್ನು ಎರವಲು ಪಡೆಯಿತು, ಈಗ ಎಳ್ಳಿನದನ್ನೇ ನಾವು ಎಳ್ಳೆಣ್ಣೆ ಅಂತ ಬಿಡಿಸಿ ಹೇಳಬೇಕು. ಹನ್ನೆರಡನೆಯ ಶತಮಾನದ ಶಾಸನದ ಅನುವಾದದಲ್ಲಿ ಮೆಣಸು ಅಂತ ಇದ್ದದ್ದು ಮೆಣಸಿನಕಾಯಿ ಆಗಿ ಕಂಡರೆ, ಅಲ್ಲಿ ನಿಂತು ಮೂಲ ಪಾಠ ನೋಡಿ.

ಅಳತೆಯೊಳಗಿನ ಪಾತ್ರೆ

ಸಲಕರಣೆಗಳ ವಿಷಯದಲ್ಲಿ ಕಲ್ಲು ಜಿಪುಣ. ಒರಳು, ಒನಕೆ, ಬೀಸುವ ಕಲ್ಲು ಇವನ್ನು ಯಾರೂ ದತ್ತಿಯಾಗಿ ಬರೆಸಬೇಕಾಗಿರಲಿಲ್ಲ, ಮನೆ ಮನೆಯಲ್ಲೂ ಇದ್ದ ವಸ್ತು. ಆದರೆ ಅಳತೆಯ ಪದಗಳನ್ನು ಸಾಲಾಗಿ ಇಟ್ಟು ನೋಡಿ. ಕುಡಿತೆ ಅಂದ್ರೆ ಅಂಗೈಯನ್ನು ಗುಳಿ ಮಾಡಿದರೆ ಹಿಡಿಯುವಷ್ಟು. ಸಟ್ಟುಗ ಅಂದ್ರೆ ಸೌಟು. ಸೊಲ್ಲಿಗೆ, ಮಾನ, ಬಳ್ಳ, ಕೊಳಗ ಎಲ್ಲ ಅಳೆಯುವ ಪಾತ್ರೆಗಳು. ಕೊಳಗ ಇಪ್ಪತ್ತಾದರೆ ಒಂದು ಖಂಡುಗ. ಅದೇ ಖಂಡುಗ ಹೊಲಗದ್ದೆಗೂ ಅಳತೆ: ಇಷ್ಟು ಖಂಡುಗ ಬೀಜ ಬಿತ್ತುವ ಗದ್ದೆ ಅಂತ ಲೆಕ್ಕ. ಊರಿನ ಭೂಮಿಯನ್ನೇ ಧಾನ್ಯದ ಪಾತ್ರೆಯಿಂದ ಅಳೆದ ಜನ ನಾವು.

ಕಲ್ಲು ಹೆಸರಿಟ್ಟು ಕರೆಯುವ ದೊಡ್ಡ ಯಂತ್ರ ಒಂದೇ, ಗಾಣ. ಎತ್ತುಗಾಣ, ಕೈಗಾಣ ಅಂತ ಬೇರೆ ಬೇರೆ ಬರುತ್ತವೆ. ಗಾಣಕ್ಕೆ ಒಂದು ಸೊಲ್ಲಿಗೆ ಎಣ್ಣೆ ನಂದಾದೀವಿಗೆಗೆ ಸಲ್ಲಬೇಕು ಎಂಬ ಒಕ್ಕಣೆ ಕನ್ನಡ ಶಾಸನ ಓದುವ ಎಲ್ಲರಿಗೂ ಪರಿಚಿತ. ಗಾಣಕ್ಕೆ ಮಾತ್ರ ಈ ಗೌರವ ಯಾಕೆ? ಅದಕ್ಕೆ ತೆರಿಗೆ ಹಾಕಬಹುದಿತ್ತು, ಅಷ್ಟೇ. ಒನಕೆಗೆ ಹಾಕೋದಕ್ಕೆ ಆಗ್ತಿರಲಿಲ್ಲ.

ಒಂದು ಊಟದ ಲೆಕ್ಕ

ಕನ್ನಡ ಶಾಸನಗಳು ಹೆಚ್ಚಾಗಿ ಆದಾಯದ ಕಡೆಯನ್ನು ಬರೆಯುತ್ತವೆ: ಯಾರಿಂದ, ಎಷ್ಟು ಬರಬೇಕು. ಆ ಆದಾಯದಿಂದ ಒಂದು ಹೊತ್ತಿಗೆ ಏನೇನು ಬೇಯಿಸಿದರು ಅನ್ನೋ ವೆಚ್ಚದ ಕಡೆ ಬೇಕಿದ್ದರೆ ತಮಿಳು ಶಾಸನಗಳ ಕಡೆ ತಿರುಗಬೇಕು. ತಂಜಾವೂರಿನ ರಾಜರಾಜೇಶ್ವರ ದೇವಾಲಯ 1010ರ ಹೊತ್ತಿಗೆ ಪೂರ್ತಿಯಾಯಿತು. ಅದರ ಗೋಡೆಗಳ ಮೇಲೆ ರಾಜರಾಜ ಮತ್ತು ಅವನ ಅಕ್ಕ ಕುಂದವೈ ಕೊಟ್ಟ ದತ್ತಿಗಳ ಪಟ್ಟಿ ಇದೆ. ನೈವೇದ್ಯಕ್ಕೆ ಅಕ್ಕಿ, ಬೇಳೆ, ತುಪ್ಪ, ಮೊಸರು, ಉಪ್ಪು, ಮೆಣಸು, ಸಕ್ಕರೆ, ಎಲೆ ಅಡಕೆ ಎಲ್ಲಕ್ಕೂ ಅಳತೆ ಬರೆದಿದ್ದಾರೆ. ಇದಕ್ಕೆ ಬೇಕಾದ ಹಣವನ್ನು ಹಳ್ಳಿಗಳ ಸಭೆಗಳಿಗೆ ಸಾಲ ಕೊಟ್ಟು, ಬಡ್ಡಿಯಿಂದ ಪಡೆಯುವ ವ್ಯವಸ್ಥೆ. ಬಡ್ಡಿ ವರ್ಷಕ್ಕೆ ಕಾಸಿಗೆ ಎಂಟನೇ ಒಂದು ಕಾಸು, ನಮ್ಮ ಲೆಕ್ಕದಲ್ಲಿ ಶೇ. 12.5.

ಅಲ್ಲಿಯ ಅಳತೆ ಹೀಗಿದೆ: 2 ಆಳಾಕ್ಕು ಒಂದು ಉಳಕ್ಕು, 2 ಉಳಕ್ಕು ಒಂದು ಉರಿ, 2 ಉರಿ ಒಂದು ನಾಳಿ, 8 ನಾಳಿ ಒಂದು ಕುರುಣಿ. ಕೆಳಗಿನಿಂದ ಮೇಲಕ್ಕೆ ಇಮ್ಮಡಿ, ಇಮ್ಮಡಿ, ಇಮ್ಮಡಿ. ನನ್ನಂಥವನಿಗೆ ಇದು ಕಂಪ್ಯೂಟರಿನ ದ್ವಿಮಾನ ಪದ್ಧತಿ ಕಂಡ ಹಾಗೆ ಕಾಣುತ್ತದೆ. ಕಾರಣ ಮಾತ್ರ ಸರಳ. ಇಮ್ಮಡಿ ಅಳತೆಯನ್ನು ಯಾವ ಅಂಗಡಿಯಲ್ಲಾದರೂ ಪರೀಕ್ಷಿಸಬಹುದು: ಸಣ್ಣ ಪಾತ್ರೆಯಲ್ಲಿ ಎರಡು ಸಲ ಸುರಿದರೆ ದೊಡ್ಡದು ಕಂಠಮಟ್ಟ ತುಂಬಬೇಕು, ತುಂಬದಿದ್ದರೆ ಯಾರೋ ಮೋಸ ಮಾಡಿದ್ದಾರೆ. ಅಕ್ಷರ ಬಾರದವರಿಗೂ ಇದು ಗೊತ್ತಾಗುತ್ತದೆ. ಹಳೇ ಮೈಸೂರಿನ ಮನೆಗಳಲ್ಲಿ ಅರೆಪಾವು, ಪಾವು, ಅಚ್ಚೇರು, ಸೇರು ಅಂತ ಸಾಲಾಗಿ ಒಂದರೊಳಗೊಂದು ಕೂತಿರುತ್ತಿದ್ದ ಹಿತ್ತಾಳೆ ಅಳತೆಗಳು ನೆನಪಿವೆಯಾ? ಅವೂ ಇಮ್ಮಡಿಯ ಸಾಲೇ. ಅಟ್ಟದ ಮೇಲೆ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ.

ಅಕ್ಕಿಯ ಲೆಕ್ಕ ಇನ್ನೂ ಸ್ವಾರಸ್ಯ. ಚೋಳ ಶಾಸನಗಳಲ್ಲಿ ನೈವೇದ್ಯದ ಅಕ್ಕಿಗೆ ಭತ್ತ ಕೊಡುವಾಗ ಐದಕ್ಕೆ ಎರಡು ಎಂಬ ದರ ಮತ್ತೆ ಮತ್ತೆ ಬರುತ್ತದೆ. 5 ಅಳತೆ ಭತ್ತ ಕೊಟ್ಟರೆ 2 ಅಳತೆ ಅಕ್ಕಿ ಬರಬೇಕು, ಅಂದ್ರೆ ಶೇ. 40. ಭತ್ತ ಕುಟ್ಟಿದರೆ ಗಾತ್ರದಲ್ಲಿ ಸುಮಾರು ಅರ್ಧ ಅಕ್ಕಿ ಸಿಗುತ್ತದೆ ಅನ್ನೋದು ಹಳ್ಳಿಯ ಸಾಮಾನ್ಯ ಲೆಕ್ಕ. ಹಾಗಾದರೆ ನಡುವಿನ ವ್ಯತ್ಯಾಸ ಎಲ್ಲಿಗೆ ಹೋಯ್ತು? ನನ್ನ ಊಹೆ ಹೀಗಿದೆ: ದೇವರಿಗೆ ನುಚ್ಚಿಲ್ಲದ, ಚೆನ್ನಾಗಿ ತಳಿಸಿದ ಅಕ್ಕಿ ಬೇಕು. ಕೇರಿ ನುಚ್ಚು ತೌಡು ತೆಗೆದಮೇಲೆ ಉಳಿಯುವುದು ಕಡಿಮೆ, ಜೊತೆಗೆ ಕುಟ್ಟಿದವರ ಪಾಲೂ ಇದರಲ್ಲೇ ಸೇರಿರಬೇಕು. ಕಲ್ಲಿನಲ್ಲಿ ಒರಳಿಲ್ಲ, ಒನಕೆಯಿಲ್ಲ, ಮೊರವಿಲ್ಲ, ಕುಟ್ಟಿದ ಹೆಂಗಸರ ಹೆಸರೂ ಇಲ್ಲ. ಆದರೆ ಐದಕ್ಕೆ ಎರಡು ಅನ್ನೋ ಅಂಕೆಯೊಳಗೆ ಅವರೆಲ್ಲ ಇದ್ದಾರೆ.

ಇನ್ನೂ ಬಾಯಲ್ಲಿರುವ ಪದಗಳು

ಈ ತಮಿಳು ಪಟ್ಟಿಗಳಿಗೂ ನಮಗೂ ಒಂದು ನೇರ ನಂಟಿದೆ. ದೇವರಿಗೆ ಸಲ್ಲುವ ಪದಾರ್ಥಗಳ ಹೆಸರಿಗೆ ಅಮುದು, ಅಂದ್ರೆ ಅಮೃತ, ಅಂತ ಸೇರಿಸಿ ಬರೆಯೋದು ಅಲ್ಲಿಯ ಪದ್ಧತಿ: ಕರಿಯಮುದು, ನೆಯ್ಯಮುದು, ತಯಿರಮುದು. ಮೇಲುಕೋಟೆ, ಮೈಸೂರು ಕಡೆಯ ಅಯ್ಯಂಗಾರರ ಮನೆಗೆ ಹೋಗಿ ಕೇಳಿ. ಪಲ್ಯಕ್ಕೆ ಕರಿಯಮುದು, ಸಾರಿಗೆ ಸಾತ್ತಮುದು, ಪಾಯಸಕ್ಕೆ ತಿರುಕ್ಕಣ್ಣಮುದು ಅಂತಾರೆ. ಕನ್ನಡ ಶಾಸನಗಳ ಅಮೃತಪಡಿಯೂ ಇದೇ ಭಾವದ ಪದ, ದೇವರ ನಿತ್ಯದ ಅಕ್ಕಿಯ ಪಡಿ. ತಂಜಾವೂರಿನ ಪಟ್ಟಿಯಲ್ಲಿ ತೂಕ ಸಮೇತ ಬರುವ ತಳಿಗೈ ಎಂಬ ತಟ್ಟೆ, ಹಳಗನ್ನಡದ ತಳಿಗೆ, ಇವತ್ತು ಅದೇ ಮನೆಗಳಲ್ಲಿ ನೈವೇದ್ಯದ ಅಡುಗೆಗೇ ಹೆಸರಾಗಿದೆ. ಲಿಪಿ ಓದಲು ನಾವು ವರ್ಷಗಟ್ಟಲೆ ಒದ್ದಾಡುತ್ತೇವೆ. ಪದಕೋಶದ ಅರ್ಧ ಯಾರದೋ ಅಜ್ಜಿಯ ಬಾಯಲ್ಲಿರುತ್ತದೆ.

ಮಣ್ಣಿನೊಳಗಿನ ಸಾಲುಗಳು

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ಈ ಸಾಲುಗಳೇ ಮೊದಲು ಹೋಗುತ್ತಿವೆ. ದತ್ತಿಯ ವಿವರ ಕಲ್ಲಿನ ತಳಭಾಗದಲ್ಲಿರುತ್ತದೆ. ಮಣ್ಣು ಏರುವುದು, ಹುಲ್ಲು ಬೆಳೆಯುವುದು, ತೇವ ಹಿಡಿದು ಪದರ ಏಳುವುದು ಎಲ್ಲ ಅಲ್ಲೇ. ಈಚೆಗಂತೂ ಜೀರ್ಣೋದ್ಧಾರದ ಹೆಸರಲ್ಲಿ ಗುಡಿಯ ಅಂಗಳಕ್ಕೆ ಕಾಂಕ್ರೀಟು, ಮೇಲೆ ಟೈಲ್ಸು. ನಾನು ನೋಡಿದ ಒಂದು ಊರಿನಲ್ಲಿ ಕಲ್ಲಿನ ಮೇಲಿನ ಶಿವಲಿಂಗ, ಹಸು ಕರು, ಸೂರ್ಯ ಚಂದ್ರರಿಗೆ ಬಣ್ಣ ಬಳಿದು ಪೂಜೆ ನಡೆಯುತ್ತಿದೆ. ಪ್ರಶಸ್ತಿ ಚೆನ್ನಾಗಿ ಓದಬಹುದು. ಗಾಣ ಅನ್ನೋ ಪದದ ಹತ್ತಿರ ಬರುವಷ್ಟರಲ್ಲಿ ನೆಲ ಬಂತು. ಮುಂದೆ ಎಷ್ಟು ಸಾಲು ಇತ್ತೋ ಸಿಮೆಂಟಿಗೆ ಗೊತ್ತು. ರಾಜನ ಹೆಸರು ಇನ್ನೂ ಐವತ್ತು ಕಲ್ಲುಗಳಲ್ಲಿ ಸಿಕ್ಕೀತು. ಆ ಊರಿನ ಎಣ್ಣೆಯ ಲೆಕ್ಕ ಆ ಒಂದು ಕಲ್ಲಿನಲ್ಲೇ ಇದ್ದದ್ದು.

ಆದ್ದರಿಂದ ಮುಂದಿನ ಸಲ ಹೋದಾಗ ದಯವಿಟ್ಟು ಮೂರು ಕೆಲಸ ಮಾಡಿ. ಕಲ್ಲಿನ ಬುಡದ ಚಿತ್ರವನ್ನು ಪ್ರತ್ಯೇಕವಾಗಿ, ಪಕ್ಕದಿಂದ ಬೆಳಕು ಬೀಳುವ ಹಾಗೆ ತೆಗೆಯಿರಿ. ಅಳತೆಯ ಪದ ಕಂಡರೆ ಆಧುನಿಕ ಲೀಟರಿಗೆ ಬದಲಾಯಿಸದೆ ಇದ್ದ ಹಾಗೇ ಬರೆದುಕೊಳ್ಳಿ, ಯಾಕಂದ್ರೆ ಕೊಳಗ ಊರಿಂದ ಊರಿಗೆ ಬೇರೆ. ಗುಡಿಯ ನೆಲ ಎತ್ತರಿಸುವ ಸುದ್ದಿ ಕಿವಿಗೆ ಬಿದ್ದರೆ, ಕೆಲಸ ಶುರುವಾಗುವ ಮೊದಲೇ ಊರಿನ ಹಿರಿಯರ ಹತ್ತಿರ ಮಾತಾಡಿ. ಇದು ನಿಮ್ಮೂರಿನ ಊಟದ ಲೆಕ್ಕ ಅಂತ ಹೇಳಿದರೆ ಜನ ಕೇಳುತ್ತಾರೆ. ಚಾಲುಕ್ಯರ ವಂಶಾವಳಿ ಅಂದ್ರೆ ತಲೆಯಾಡಿಸಿ ಹೋಗುತ್ತಾರೆ.

ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಓದಿ. ಅಲ್ಲಿ ಅನ್ನ ಯಾರಿಗೆ ಸಲ್ಲಬೇಕು ಅಂತ ಉದ್ದಕ್ಕೂ ಹೆಸರಿಸಿದ್ದಾರೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ನಾನಾ ಪಂಥದ ಸನ್ಯಾಸಿಗಳು. ಇಷ್ಟು ಜನಕ್ಕೆ ದಿನಾ ಎಷ್ಟು ಕೊಳಗ ಭತ್ತ ಕುಟ್ಟಬೇಕಿತ್ತು, ಎಷ್ಟು ಒನಕೆ ಬೇಕಿತ್ತು, ಐದಕ್ಕೆ ಎರಡರ ದರದಲ್ಲಿ ನೀವೇ ಲೆಕ್ಕ ಹಾಕಿ ನೋಡಿ.