ಸಿಟಿ ಹಾಲ್ ಸುರಂಗ ರೈಲು ನಿಲ್ದಾಣ, ನ್ಯೂಯಾರ್ಕ್

ಮ್ಯಾನ್‌ಹಟನ್‌ನ ಪುರಭವನದ ಉದ್ಯಾನದಡಿಯಲ್ಲಿ ಇರುವ, ಈಗ ಪ್ರಯಾಣಿಕರಿಗೆ ಮುಚ್ಚಿರುವ ನಿಲ್ದಾಣ. ನಗರದ ಮೊದಲ ಸಬ್‌ವೇ ಮಾರ್ಗದ ದಕ್ಷಿಣ ತುದಿ ಇದು. ಇಲ್ಲಿಂದ 145ನೇ ಬೀದಿಯವರೆಗೆ 28 ನಿಲ್ದಾಣಗಳಿದ್ದವು. 1900ರ ಮಾರ್ಚ್ 24ರಂದು ಪುರಭವನದೆದುರು ಗುದ್ದಲಿಪೂಜೆಗೆ ಸಮನಾದ ಸಮಾರಂಭ ನಡೆಯಿತು. ಮುಖ್ಯ ಎಂಜಿನಿಯರ್ ವಿಲಿಯಂ ಬಾರ್ಕ್ಲೇ ಪಾರ್ಸನ್ಸ್, ಬಂಡವಾಳ ಹೂಡಿದವರು ಆಗಸ್ಟ್ ಬೆಲ್ಮಾಂಟ್.

1904ರ ಅಕ್ಟೋಬರ್ 27ರ ಮಧ್ಯಾಹ್ನ ಮೊದಲ ರೈಲು ಇಲ್ಲಿಂದಲೇ ಹೊರಟಿತು. ಮೇಯರ್ ಜಾರ್ಜ್ ಮೆಕ್ಲೆಲನ್ ಬೆಳ್ಳಿಯ ಹಿಡಿಕೆ ತಿರುಗಿಸಿ ಶಾಸ್ತ್ರ ಮುಗಿಸಬೇಕಿತ್ತು, ಅಷ್ಟೇ. ಆದರೆ ಹಿಡಿದ ಹಿಡಿಕೆ ಬಿಡಲೊಲ್ಲದೆ 103ನೇ ಬೀದಿಯವರೆಗೂ ತಾವೇ ಓಡಿಸಿದರು! ಸಂಜೆ 7ಕ್ಕೆ ಸಾರ್ವಜನಿಕರಿಗೆ ಬಾಗಿಲು ತೆರೆದಾಗ ಟಿಕೆಟ್ ದರ 5 ಸೆಂಟ್.

ವಿನ್ಯಾಸ ಹೈನ್ಸ್ ಮತ್ತು ಲಾಫಾರ್ಜ್ ಸಂಸ್ಥೆಯದು. ಇದ್ದದ್ದು ಒಂದೇ ಪ್ಲಾಟ್‌ಫಾರ್ಮ್, ಅದೂ ಬಿಲ್ಲಿನಂತೆ ಬಾಗಿದ್ದು. ಬ್ರೂಕ್ಲಿನ್ ಬ್ರಿಜ್ ನಿಲ್ದಾಣ ದಾಟಿದ ಲೋಕಲ್ ರೈಲು ಇಲ್ಲಿ ಎಡಕ್ಕೆ ಸುತ್ತು ಹಾಕಿ ಮತ್ತೆ ಉತ್ತರಕ್ಕೆ ಮುಖಮಾಡುತ್ತಿತ್ತು; ಚಾಲಕ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಗುವ ತಾಪತ್ರಯವಿರಲಿಲ್ಲ. ಬಾಗಿದ ಹಳಿಯ ಮೇಲೆ ಕಮಾನಿನ ಛಾವಣಿ. ಸ್ಪೇನ್ ಮೂಲದ ಗ್ವಾಸ್ತವಿನೋ ಕುಟುಂಬದ ಕಸುಬಿನಂತೆ, ತೆಳು ಹೆಂಚುಗಳನ್ನು ಬೇಗ ಗಟ್ಟಿಯಾಗುವ ಸಿಮೆಂಟಿನಲ್ಲಿ ಪದರ ಪದರವಾಗಿ ಕೂಡಿಸಿ ಕಟ್ಟಿದ ಕಮಾನುಗಳಿವು. ನಡುನಡುವೆ ಬಣ್ಣದ ಗಾಜಿನ ಬೆಳಕಿಂಡಿಗಳು, ಹಿತ್ತಾಳೆಯ ತೂಗುದೀಪಗಳು. ಮೆಟ್ಟಿಲೇರಿದರೆ ಟಿಕೆಟ್ ಕೊಡುತ್ತಿದ್ದ ಪಡಸಾಲೆ, ಅದಕ್ಕೂ ಗುಮ್ಮಟದಂಥ ಛಾವಣಿ. ಸುರಂಗದ ಉಳಿದ ನಿಲ್ದಾಣಗಳು ಸಮತಟ್ಟಾದ ಸೂರಿನವು. ಅಲಂಕಾರದ ಹಣವನ್ನೆಲ್ಲ ಅಧಿಕಾರಿಗಳ ಕಣ್ಣೆದುರಿನ ಈ ನಿಲ್ದಾಣಕ್ಕೇ ಸುರಿದಂತೆ ಕಾಣುತ್ತದೆ.

ನಿಲ್ದಾಣಕ್ಕೆ ಮುಳುವಾದದ್ದು ಅದೇ ಬಾಗು. ಆರಂಭದ ಡಬ್ಬಿಗಳಿಗೆ ಬಾಗಿಲು ಎರಡು ತುದಿಗಳಲ್ಲಿ ಮಾತ್ರ ಇತ್ತು. ಮುಂದೆ ನಡುಬಾಗಿಲಿನ ಡಬ್ಬಿಗಳು ಬಂದವು. ಬಳಸು ಹಳಿಯ ಹೊರಬದಿಗಿದ್ದ ಪ್ಲಾಟ್‌ಫಾರ್ಮಿಗೂ ಡಬ್ಬಿಯ ನಡುಭಾಗಕ್ಕೂ ಅಂತರ ಹೆಚ್ಚು. ಕಾಲು ಜಾರಿದರೆ ಅಪಾಯ. ಯೂನಿಯನ್ ಸ್ಕ್ವೇರ್‌ನಲ್ಲಿ ಇಂಥ ಅಂತರ ಮುಚ್ಚಲು ಚಲಿಸುವ ಹಲಗೆಗಳಿವೆ. ಇಲ್ಲಿ ಅದಕ್ಕೆ ಖರ್ಚು ಮಾಡುವಷ್ಟು ಜನವೇ ಇರಲಿಲ್ಲ. ಉದ್ದನೆಯ ರೈಲುಗಳಿಗೂ ಪ್ಲಾಟ್‌ಫಾರ್ಮ್ ಸಾಲುತ್ತಿರಲಿಲ್ಲ. ಎಕ್ಸ್‌ಪ್ರೆಸ್ ನಿಲ್ಲುತ್ತಿದ್ದ ಬ್ರೂಕ್ಲಿನ್ ಬ್ರಿಜ್ ನಿಲ್ದಾಣ ಕೂಗಳತೆಯಲ್ಲೇ ಇದ್ದುದರಿಂದ ಕೊನೆಕೊನೆಗೆ ದಿನಕ್ಕೆ ಸುಮಾರು 600 ಮಂದಿ ಬರುತ್ತಿದ್ದರು. 1945ರ ಡಿಸೆಂಬರ್ 31ಕ್ಕೆ ನಿಲ್ದಾಣ ಮುಚ್ಚಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳಕಿಂಡಿಗಳ ಗಾಜಿಗೆ ಬಳಿದ ಕಪ್ಪು ಬಹುಕಾಲ ಹಾಗೇ ಇತ್ತು.

ಹಳಿ ಮಾತ್ರ ನಿವೃತ್ತವಾಗಿಲ್ಲ. 6ನೇ ಸಂಖ್ಯೆಯ ರೈಲುಗಳು ಇಂದಿಗೂ ಇದೇ ಸುತ್ತಿನಲ್ಲಿ ತಿರುಗುತ್ತವೆ. ಕೊನೆಯ ನಿಲ್ದಾಣದಲ್ಲಿ ಇಳಿಯದೆ ಬಲಗಡೆಯ ಕಿಟಕಿ ಹಿಡಿದು ಕೂತವರಿಗೆ ಕಮಾನುಗಳು ಕಾಣುತ್ತವೆ. 1979ರಲ್ಲಿ ನಗರ ಇದರ ಒಳಾಂಗಣವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. 2004ರಲ್ಲಿ, ಸಬ್‌ವೇಗೆ ನೂರು ತುಂಬಿದ ವರ್ಷ, ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು. ಇಳಿದು ನೋಡಬೇಕೆನ್ನುವವರು ನ್ಯೂಯಾರ್ಕ್ ಟ್ರಾನ್ಸಿಟ್ ಮ್ಯೂಸಿಯಂ ತನ್ನ ಸದಸ್ಯರಿಗಾಗಿ ಏರ್ಪಡಿಸುವ ಭೇಟಿಗೆ ಹೆಸರು ನೋಂದಾಯಿಸಬೇಕು.