ಮಾಲೀಕನಿಲ್ಲದ ದುಡಿಮೆಗೆ ವಿಮೆಯ ಆಸರೆ

ಹೊಲ ಉಳುವ ರೈತ, ಮಗ್ಗದ ಮುಂದೆ ಕೂರುವ ನೇಕಾರ, ಓಣಿಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ದರ್ಜಿ- ಇವರೆಲ್ಲ ತಮಗೆ ತಾವೇ ಮಾಲೀಕರು. ಈ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯೂ ಇದೆ. ಕಾಯಿಲೆ ಬಿದ್ದ ದಿನ ಇವರ ಗಳಿಕೆ ನಿಲ್ಲುತ್ತದೆ; ಅದೇ ದಿನ ಆಸ್ಪತ್ರೆಯ ಖರ್ಚೂ ಎದುರಾಗುತ್ತದೆ. ಸಂಬಳದಾರರಿಗೆ ಇಂಥ ಕಷ್ಟಕಾಲಕ್ಕೆಂದು ವಿಮೆಯ ಏರ್ಪಾಡು ಬಂದು 140 ವರ್ಷಗಳೇ ಕಳೆದಿವೆ. ಸ್ವಂತ ದುಡಿಮೆಯವರಿಗೆ ಅದು ಇಷ್ಟು ತಡವಾದದ್ದು ಏಕೆ?

ಉತ್ತರ ಆ ಏರ್ಪಾಡಿನ ಹುಟ್ಟಿನಲ್ಲೇ ಇದೆ. 1883ರಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕಾರ್ಮಿಕರಿಗೆ ಕಾಯಿಲೆ ವಿಮೆಯನ್ನು ಕಡ್ಡಾಯ ಮಾಡುವ ಕಾನೂನು ತಂದ. ವಂತಿಗೆಯಲ್ಲಿ ಮೂರನೇ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಹಣ ವಸೂಲಿಗೆ ಮನೆಮನೆ ಅಲೆಯಬೇಕಿರಲಿಲ್ಲ. ಸಂಬಳ ಬಟವಾಡೆಯಲ್ಲೇ ಮುರಿದುಕೊಂಡರೆ ಆಯಿತು. ಕಡ್ಡಾಯವಾದ್ದರಿಂದ ಗಟ್ಟಿಮುಟ್ಟಾದವರೂ ರೋಗಿಗಳೂ ಒಂದೇ ನಿಧಿಗೆ ಸೇರಿದರು. ಆರೋಗ್ಯವಂತರ ಹಣ ಕಾಯಿಲೆಯವರ ನೆರವಿಗೆ ಬಂತು. ಮಾಲೀಕನೂ ಇಲ್ಲದ, ಸಂಬಳವೂ ಇಲ್ಲದ ದುಡಿಮೆಗಾರ ಈ ಲೆಕ್ಕದಿಂದ ಹೊರಗೇ ಉಳಿದ.

ಭಾರತವೂ ಇದೇ ದಾರಿ ಹಿಡಿಯಿತು. ಬಿ.ಪಿ. ಅಡಾರ್ಕರ್ 1944ರಲ್ಲಿ ಸಲ್ಲಿಸಿದ ವರದಿಯನ್ನು ಆಧರಿಸಿ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಬಂತು. 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಆರಂಭವಾಯಿತು. ಅದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರ ಯೋಜನೆ. ದೇಶದ ಬಹುಪಾಲು ದುಡಿಮೆಗಾರರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ.

ಸಾಮಾನ್ಯ ವಿಮೆಯ ಸರ್ಕಾರಿ ಕಂಪೆನಿಗಳು 1986ರಲ್ಲಿ 'ಮೆಡಿಕ್ಲೇಮ್' ಪಾಲಿಸಿಯನ್ನು ಮಾರುಕಟ್ಟೆಗೆ ತಂದಾಗ ಬಿಡಿ ವ್ಯಕ್ತಿಗೂ ಬಾಗಿಲು ತೆರೆಯಿತು. ಆದರೆ ಒಬ್ಬಂಟಿಯಾಗಿ ಬರುವವನನ್ನು ವಿಮಾ ಕಂಪೆನಿ ಅನುಮಾನದಿಂದಲೇ ನೋಡುತ್ತದೆ. ಆರೋಗ್ಯವಾಗಿರುವವರು ವಿಮೆ ಏಕೆಂದು ಸುಮ್ಮನಿದ್ದು, ಕಾಯಿಲೆಯವರಷ್ಟೇ ಬಂದು ಸೇರಿದರೆ ನಿಧಿ ಬರಿದಾಗುತ್ತದೆ ಎಂಬುದು ಅದರ ಭಯ. ಆದ್ದರಿಂದಲೇ ವೈದ್ಯಕೀಯ ತಪಾಸಣೆ, ಮೊದಲೇ ಇದ್ದ ಕಾಯಿಲೆಗೆ ವರ್ಷಗಟ್ಟಲೆ ಕಾಯುವ ನಿಯಮ, ವಯಸ್ಸಿನೊಂದಿಗೆ ಏರುವ ಕಂತು. ಕಚೇರಿಯ ನೌಕರರೆಲ್ಲ ಒಟ್ಟಾಗಿ ಸೇರುವ ಗುಂಪು ವಿಮೆಯಲ್ಲಿ ಈ ಭಯ ಕಡಿಮೆ, ಷರತ್ತುಗಳೂ ಕಡಿಮೆ. ಹೀಗಾಗಿ ವಿಮೆಯ ಆಸರೆ ಹೆಚ್ಚು ಬೇಕಾದವನಿಗೇ ಅದು ಹೆಚ್ಚು ದುಬಾರಿ.

ಹಾಗಾದರೆ ಮಾಲೀಕನಿಲ್ಲದವರ ಗುಂಪನ್ನು ಕಟ್ಟುವವರು ಯಾರು? ಒಂದು ಉತ್ತರ ಅಹಮದಾಬಾದಿನಿಂದ ಬಂತು. ಇಳಾ ಭಟ್ 1972ರಲ್ಲಿ ಬೀದಿ ವ್ಯಾಪಾರದ, ಗೃಹ ಕೈಗಾರಿಕೆಯ ಹೆಂಗಸರನ್ನು ಸೇರಿಸಿ 'ಸೇವಾ' ಸಂಘ ಕಟ್ಟಿದಾಗ, ಮಾಲೀಕನೇ ಇಲ್ಲದ ಮೇಲೆ ಇದೆಂಥ ಕಾರ್ಮಿಕ ಸಂಘ ಎಂದು ಅಧಿಕಾರಿಗಳು ನೋಂದಣಿಗೆ ಆಕ್ಷೇಪ ಎತ್ತಿದ್ದರು. ಅದೇ ಸಂಘ 1992ರಲ್ಲಿ ತನ್ನ ಸದಸ್ಯೆಯರಿಗೆ ವಿಮೆಯ ವ್ಯವಸ್ಥೆ ಮಾಡಿತು. ಮಾಲೀಕನ ಜಾಗದಲ್ಲಿ ಸಂಘವೇ ನಿಂತಿತು.

ಕರ್ನಾಟಕದಲ್ಲಿ ಆ ಕೆಲಸಕ್ಕೆ ಒದಗಿದ್ದು ಸಹಕಾರ ಸಂಘಗಳು. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದ್ದರು. ಒಂದು ಶತಮಾನದಲ್ಲಿ ಹಳ್ಳಿಹಳ್ಳಿಗೂ ಹರಡಿದ್ದ ಈ ಜಾಲವನ್ನು ಬಳಸಿಕೊಂಡು, ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ, 2003ರ ಜೂನ್ 1ರಂದು 'ಯಶಸ್ವಿನಿ' ಯೋಜನೆ ಜಾರಿಗೆ ಬಂತು. ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ವಂತಿಗೆ. ವಿಮಾ ಕಂಪೆನಿಯ ಹಂಗಿಲ್ಲದೆ ಒಂದು ಟ್ರಸ್ಟ್, ಸರ್ಕಾರದ ನೆರವಿನೊಡನೆ, ನಿಧಿಯನ್ನು ನೋಡಿಕೊಂಡಿತು. ಮನೆಯನ್ನು ಸಾಲಕ್ಕೆ ದೂಡುವ ಶಸ್ತ್ರಚಿಕಿತ್ಸೆಗಳಿಗೇ ಆದ್ಯತೆ. ಹಾಲಿನ ಹಣ ಕೊಡುವ, ಸಾಲದ ಲೆಕ್ಕ ಇಡುವ ಸಂಘದಲ್ಲೇ ವಂತಿಗೆಯನ್ನೂ ಕಟ್ಟಬಹುದಾಗಿತ್ತು. ಮೊದಲ ವರ್ಷ ಸುಮಾರು 16 ಲಕ್ಷ ಮಂದಿ ಸೇರಿದರು.

ಆದರೆ ಸೇರ್ಪಡೆ ಕಡ್ಡಾಯವಾಗಿರಲಿಲ್ಲ. 2005ರಲ್ಲಿ ವಂತಿಗೆ 120 ರೂಪಾಯಿಗೆ ಏರಿದಾಗ, ಅಷ್ಟರಲ್ಲಿ 20 ಲಕ್ಷ ಮುಟ್ಟಿದ್ದ ಸದಸ್ಯರ ಸಂಖ್ಯೆ ಕುಸಿಯಿತು. ಮನಸ್ಸಿಗೆ ಬಂದಾಗ ಬಿಟ್ಟುಹೋಗಬಹುದಾದ ಗುಂಪಿನ ದೌರ್ಬಲ್ಯ ಇದು. 2018ರಲ್ಲಿ ಯಶಸ್ವಿನಿಯನ್ನು ನಿಲ್ಲಿಸಿ 'ಆರೋಗ್ಯ ಕರ್ನಾಟಕ'ದೊಳಗೆ ಸೇರಿಸಲಾಯಿತು. ಹೊಸ ವ್ಯವಸ್ಥೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ದೊರೆಯಿತು. ಉಳಿದವರಿಗೆ ಸರ್ಕಾರ ಕೊಡಲೊಪ್ಪಿದ್ದು ನಿಗದಿತ ದರದ ಶೇಕಡ 30 ಮಾತ್ರ. ಬಡವರ ಪಟ್ಟಿಯಲ್ಲೂ ಇಲ್ಲದ, ಸಂಬಳದ ಪಟ್ಟಿಯಲ್ಲೂ ಇಲ್ಲದ ಸಣ್ಣ ರೈತ, ಅಂಗಡಿಕಾರ ಮತ್ತೆ ಒಬ್ಬಂಟಿಯಾದರು. ಸಹಕಾರಿಗಳ ಒತ್ತಾಯದ ಮೇಲೆ 2022ರ ನವೆಂಬರಿನಲ್ಲಿ ಯಶಸ್ವಿನಿಯ ನೋಂದಣಿ ಮರಳಿ ಶುರುವಾಯಿತು. ಗ್ರಾಮೀಣ ಸಂಘಗಳ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ ವಾರ್ಷಿಕ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ಎಂದು ನಿಗದಿಯಾಯಿತು.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡ 18ರ ಜಿಎಸ್‌ಟಿ ರದ್ದಾಗಿದೆ. ಬಿಡಿ ಪಾಲಿಸಿ ಕೊಳ್ಳುವವರಿಗೆ ಇದು ಸಮಾಧಾನದ ವಿಷಯ. ಆದರೂ ತೆರಿಗೆ ಇಳಿದ ಮಾತ್ರಕ್ಕೆ ಒಬ್ಬಂಟಿ ದುಡಿಮೆಗಾರ ಗುಂಪಿನೊಳಗೆ ಬಂದಂತಾಗುವುದಿಲ್ಲ. ವಿಮೆ ಎಂದರೆ ಹಲವರು ಸೇರಿ ಒಬ್ಬನ ಕಷ್ಟ ಹಂಚಿಕೊಳ್ಳುವುದು. ಆ ಹಲವರನ್ನು ಕಾರ್ಖಾನೆ ಕೂಡಿಸಿಕೊಡದ ಕಡೆ ಹಾಲಿನ ಡೈರಿಯೋ, ನೇಕಾರರ ಸಂಘವೋ ಕೂಡಿಸಿಕೊಟ್ಟಿದೆ. ಯಾವ ಸಂಘಕ್ಕೂ ಸೇರದ ದರ್ಜಿಯನ್ನು ಕೂಡಿಸಿಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ.